ಪೂರಕ ಕಡತಗಳನ್ನು ಎಲ್ಲಿಡಬೇಕು

ಪರದೆಯ ಮೇಲೆ ಆ ಪ್ರಶ್ನೆ ಬಂದು ನಿಂತು ನಲವತ್ತು ನಿಮಿಷವಾಗಿತ್ತು. ಪೂರಕ ಕಡತಗಳನ್ನು ಎಲ್ಲಿಡಬೇಕು? ಕೆಳಗೊಂದು ಉದ್ದನೆಯ ಬಿಳಿ ಪಟ್ಟಿ. ಅದರೊಳಗೆ ಸಿ ಡ್ರೈವಿನ ವಿಳಾಸ ತಾನಾಗಿಯೇ ತುಂಬಿಕೊಂಡು, ಕರೆಯದೆ ಬಂದು ಒಳ್ಳೆಯ ಕುರ್ಚಿ ಹಿಡಿದ ನೆಂಟನ ಹಾಗೆ ಕೂತಿತ್ತು. ಅದರಡಿ ಸಣ್ಣ ಅಕ್ಷರದಲ್ಲಿ, ಒಮ್ಮೆ ಆರಿಸಿದ ಜಾಗವನ್ನು ಆಮೇಲೆ ಬದಲಾಯಿಸಲಾಗದು ಎಂಬ ಮಾತು. ಬಲಗಡೆಯ ಮೂಲೆಯಲ್ಲಿ ‘ಮುಂದೆ’ ಎಂಬ ಗುಂಡಿ. ಅವನು ಮೌಸಿನ ಬಾಣವನ್ನು ಗುಂಡಿಯ ತನಕ ಒಯ್ಯುವುದು, ವಾಪಸು ತರುವುದು, ಕನ್ನಡಕ ಒರೆಸಿಕೊಳ್ಳುವುದು, ಮತ್ತೆ ಒಯ್ಯುವುದು, ಇಷ್ಟನ್ನೇ ಮಾಡುತ್ತಿದ್ದ. ಸಿ ಅಂದರೆ ಸಿ, ಡಿ ಅಂದರೆ ಡಿ, ಇದರಲ್ಲಿ ಯೋಚಿಸುವಂಥದ್ದೇನಿದೆ ಎಂದು ಯಾರಾದರೂ ಕೇಳಿದರೆ ಅವನಲ್ಲಿ ಉತ್ತರವಿತ್ತು, ಆದರೆ ಬಾಯಿಬಿಟ್ಟು ಹೇಳುವಂಥ ಉತ್ತರವಲ್ಲ. ಇಡೀ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಅವನೊಬ್ಬನೇ. ಎಲ್ಲರೂ ಅವನನ್ನು ಸಿಸ್ಟಮ್ ಸರ್ ಎಂದು ಕರೆಯುತ್ತಿದ್ದರು. ಸಂಬಳದ ಚೀಟಿಯಲ್ಲಿ ತನ್ನ ನಿಜವಾದ ಹೆಸರು ಕಂಡಾಗ ಯಾರದೋ ಚೀಟಿ ತನ್ನ ಕೈಗೆ ಬಂತೇನೋ ಎಂದು ಅವನಿಗೇ ಒಂದು ಕ್ಷಣ ಅನಿಸುತ್ತಿತ್ತು.

ಅವನ ಕೋಣೆ ಮೊದಲು ಕೈಕಾಲು ಮುರಿದವರಿಗೆ ಪ್ಲಾಸ್ಟರ್ ಹಾಕುವ ಕೋಣೆಯಾಗಿತ್ತು. ನೆಲದ ಸಂದುಗಳಲ್ಲಿ ಬಿಳಿ ಪುಡಿ ಎಷ್ಟು ಗುಡಿಸಿದರೂ ಉಳಿದೇ ಇತ್ತು. ಚಾವಣಿಯಲ್ಲಿ ಕಾಲು ತೂಗುಹಾಕುವ ಕೊಕ್ಕೆ ಹಾಗೇ ಇತ್ತು. ಆ ಕೊಕ್ಕೆಯ ನೇರ ಕೆಳಗೆ ಈಗ ಹೊಸ ಯಂತ್ರ ಬಂದು ಕೂತಿದೆ. ಇಷ್ಟು ದಿನ ಲ್ಯಾಬಿನ ಫಲಿತಾಂಶಗಳನ್ನೆಲ್ಲ ಹೊತ್ತಿದ್ದು ನೋಂದಣಿ ಕೌಂಟರಿನ ಮೇಜಿನಡಿಯ ಹಳೆಯ ಕಂಪ್ಯೂಟರ್ ಪೆಟ್ಟಿಗೆ. ಇವತ್ತು ಮಧ್ಯಾಹ್ನ ಒಂದು ಗಂಟೆಯಿಂದ ಎಲ್ಲವೂ ಇದರ ಮೇಲೆ ಓಡಬೇಕೆಂದು ದೊಡ್ಡ ಡಾಕ್ಟರು ಹೇಳಿದ್ದರು. ಡೇಟಾಬೇಸ್ ತಂತ್ರಾಂಶವನ್ನು ಹೊಸದಾಗಿ ಹಾಕುವ ಕೆಲಸ ಮುಕ್ಕಾಲು ಪಾಲು ಮುಗಿದಿತ್ತು. ಫಲಿತಾಂಶಗಳು ದೊಡ್ಡದಾದ ಡಿ ಡ್ರೈವಿಗೆ ಹೋಗುತ್ತವೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಈ ತಂತ್ರಾಂಶ ಒಂಟಿಯಾಗಿ ಬಾಳುವ ಜಾತಿಯದಲ್ಲ. ಯಾರ ರಕ್ತ ಎಷ್ಟು ಹೊತ್ತಿಗೆ ನಮೂದಾಯಿತು, ಅದನ್ನು ಯಾರು ತಿದ್ದಿದರು, ತಿದ್ದುವ ಮೊದಲು ಏನಿತ್ತು ಎಂದು ಬರೆದಿಡುವ ಕಡತಗಳು. ಕೆಲಸದ ನಡುವೆ ಹುಟ್ಟಿ, ಕೆಲಸ ಮುಗಿದ ಮೇಲೆ ಸಾಯಬೇಕಾಗಿದ್ದು, ಸಾಯುವುದನ್ನೇ ಮರೆತು ಉಳಿಯುವ ಕಡತಗಳು. ಇವೇ ಪೂರಕ ಕಡತಗಳು. ಇವಕ್ಕೆ ಚಿಕ್ಕ ಸಿ ಡ್ರೈವಿನಲ್ಲಿ ಜಾಗ ಕೊಟ್ಟರೆ ಒಂದು ದಿನ ಅದು ಕತ್ತಿನ ಮಟ್ಟ ತುಂಬಿ ಎಲ್ಲವೂ ನಿಂತುಹೋಗುತ್ತದೆ. ಇದು ಅವನಿಗೆ ಯಾವ ಪುಸ್ತಕದಿಂದಲೂ ಗೊತ್ತಾದದ್ದಲ್ಲ.

ಡಿ ಎಂದು ಒತ್ತಿ ಕೈತೊಳೆದುಕೊಳ್ಳಬಹುದಿತ್ತು. ಅಡ್ಡ ಬಂದದ್ದು ಮೇಜಿನ ಮೇಲಿದ್ದ ಫಾರಂ. ಯಂತ್ರ ಸ್ಥಾಪನಾ ವರದಿ, ಮೂರು ಪ್ರತಿ, ನಡುವೆ ಕಾರ್ಬನ್. ನೀರೆತ್ತುವ ಪಂಪಿಗೆಂದು ಯಾವ ಕಾಲದಲ್ಲೋ ಅಚ್ಚು ಹಾಕಿಸಿದ ಇದನ್ನೇ ಆಸ್ಪತ್ರೆ ಎಲ್ಲ ಯಂತ್ರಗಳಿಗೂ ಬಳಸುತ್ತಿತ್ತು. ಯಂತ್ರದ ತೂಕ? ಅವನು ಅಂದಾಜಿನ ಮೇಲೆ ಬರೆದಿದ್ದ. ನೀರು ಸೋರುತ್ತದೆಯೇ? ಇಲ್ಲ ಎಂದು ಬರೆದಿದ್ದ. ಏಳನೆಯ ಕಲಮು: ಸ್ಥಾಪಿಸಿದ ಜಾಗ ಹಿಂದಿನದಕ್ಕಿಂತ ಬೇರೆಯಾಗಿದ್ದರೆ, ಕಾರಣ. ತಂತ್ರಾಂಶಕ್ಕೂ ಈ ಕಲಮನ್ನು ತುಂಬಿಸಬೇಕೆಂದು ದೊಡ್ಡ ಡಾಕ್ಟರೇ ಪದ್ಧತಿ ಮಾಡಿಟ್ಟಿದ್ದರು, ಹಿಂದಿನ ವರದಿಯನ್ನೂ ಜೊತೆಗೆ ಲಗತ್ತಿಸಬೇಕು. ಹಿಂದಿನ ವರದಿಯಲ್ಲಿ ಅವನದೇ ಅಕ್ಷರದಲ್ಲಿ ‘ಸಿ’ ಎಂದಿದೆ, ಕೆಳಗೆ ಅವನದೇ ಸಹಿ ಇದೆ. ಈಗ ಡಿ ಎಂದರೆ ಯಾಕೆ ಡಿ ಎಂದು ಹೇಳಬೇಕು. ಯಾಕೆ ಡಿ ಎಂದು ಹೇಳಿದರೆ ಆವತ್ತು ಸಿ ತುಂಬಿದ್ದು ಯಾತರಿಂದ ಎಂಬುದೂ ಹಿಂದೆಯೇ ಹೊರಬೀಳುತ್ತದೆ. ಸಿ ಎಂದೇ ಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ, ನಿವೃತ್ತಿಯಾಗುವ ತನಕ, ಎಂದರೆ ಇನ್ನೂ ಹತ್ತೊಂಬತ್ತು ವರ್ಷ, ದಿನಾ ಬೆಳಿಗ್ಗೆ ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಬಂದು ಕಳ್ಳನ ಹಾಗೆ ಆ ಕಡತಗಳನ್ನು ಖಾಲಿ ಮಾಡುತ್ತಾ ಇರಬೇಕು. ಹನ್ನೊಂದು ತಿಂಗಳಿಂದ ಅವನು ಮಾಡುತ್ತಿದ್ದದ್ದು ಅದನ್ನೇ. ಕಸ ಗುಡಿಸುವವರು ಬರುವ ಮೊದಲೇ ಬಂದು ಕೌಂಟರಿನ ಮೇಜಿನಡಿ ತೂರಿ ಕೂರುವ ಈ ಮನುಷ್ಯನ ಕರ್ತವ್ಯನಿಷ್ಠೆ ಮೇಲಿನವರ ಕಣ್ಣಿಗೂ ಬಿದ್ದು, ಮೂರು ತಿಂಗಳ ಹಿಂದೆ ಸಮಯಪಾಲನೆಗಾಗಿ ಎಂದು ಒಂದು ಪ್ರಮಾಣಪತ್ರ ಕೊಟ್ಟಿದ್ದರು. ಚೌಕಟ್ಟು ಹಾಕಿಸಿ ಕೊಟ್ಟಿದ್ದರಿಂದ ಅದನ್ನು ಬಚ್ಚಿಡುವಂತೆಯೂ ಇರಲಿಲ್ಲ. ಎದುರಿನ ಗೋಡೆಯ ಮೇಲೆ ತೂಗುತ್ತಿತ್ತು. ಆವತ್ತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಆಸ್ಪತ್ರೆಯ ಹಿಂದಿನ ಕಿಟಕಿಯಲ್ಲಿ ಕೂರುವ ಅಕ್ಕ.

ಮೊದಲ ಸಲ ತಂತ್ರಾಂಶ ಹಾಕುವಾಗ ಹೆಂಡತಿಯ ಫೋನ್ ಬಂದಿತ್ತು. ಪರದೆ ಬಟ್ಟೆಯ ಅಂಗಡಿಯಲ್ಲಿ ನಿಂತು ಹಸಿರೋ ನೀಲಿಯೋ ಎಂದು ಕೇಳುತ್ತಿದ್ದಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅವನು ಮುಂದೆ, ಮುಂದೆ, ಮುಂದೆ ಎಂದು ಒತ್ತುತ್ತಾ ಹೋಗಿದ್ದ. ಪ್ರಶ್ನೆ ಬಂದಿತ್ತು, ಸಣ್ಣ ಅಕ್ಷರವೂ ಬಂದಿತ್ತು, ಅವನು ಓದಲಿಲ್ಲ. ‘ಇರೋದೇ ಇರ್ಲಿ’ ಎಂದಿದ್ದ. ಹಾಗೆಂದದ್ದು ಹೆಂಡತಿಗೆ, ಆದರೆ ಬೆರಳು ಅದನ್ನು ಯಂತ್ರಕ್ಕೂ ಹೇಳಿಬಿಟ್ಟಿತ್ತು. ಯಾವುದನ್ನು ಕೇಳಿದರೂ ಇರೋದೇ ಇರ್ಲಿ ಅನ್ನೋ ಗಂಡಸು ಇವರು, ಹೆಂಡತಿಯನ್ನ ಹೇಗೆ ಆರಿಸಿದರೋ ದೇವರಿಗೇ ಗೊತ್ತು ಎಂದು ಆಕೆ ತವರಿನವರೆದುರು ನಗುತ್ತಿದ್ದಳು. ಅವನೂ ನಗುತ್ತಿದ್ದ. ಆಯ್ಕೆ ಮಾಡಿದ್ದು ಅವಳೇ ಎಂಬುದು ಇಬ್ಬರಿಗೂ ಗೊತ್ತಿತ್ತು.

ಹನ್ನೊಂದು ತಿಂಗಳ ಹಿಂದಿನ ಆ ಸೋಮವಾರ ಬೆಳಿಗ್ಗೆ ಹಳೆಯ ಪೆಟ್ಟಿಗೆ ‘ಜಾಗವಿಲ್ಲ’ ಎಂದು ಬರೆದು ನಿಂತುಬಿಟ್ಟಿತು. ಮೊಣಕೈ ಮಡಚಿ ಹತ್ತಿ ಒತ್ತಿ ಹಿಡಿದ ಅರವತ್ತು ಜನ ಸಾಲಿನಲ್ಲಿದ್ದರು. ದೊಡ್ಡ ಡಾಕ್ಟರು ಮೇಲಿನಿಂದ ಇಳಿದು ಬಂದು, ಅವನ ಬೆನ್ನ ಹಿಂದೆ ನಿಂತು, ‘ಯಾರಿದನ್ನ ತುಂಬಿಸಿದ್ದು?’ ಎಂದರು. ಅವನು ಸಿ ಡ್ರೈವ್ ತೆರೆದ. ಮೊದಲು ಕಣ್ಣಿಗೆ ಬಿದ್ದದ್ದು ‘ಇವರ ಹಾಡು’ ಎಂಬ ಒಂದು ಕಟ್ಟು, ಒಳಗೆ ನಲವತ್ತೊಂದು ಹಾಡು. ‘ಯಾರೋ ಹಾಡು ತುಂಬಿದಾರೆ ಸರ್’ ಎಂದ. ಅರ್ಧ ನಿಮಿಷದ ಮೇಲೆ ಬೆರಳಿನಿಂದ ಇನ್ನಷ್ಟು ಕೆಳಗೆ ಸರಿಸಿದಾಗ ಪೂರಕ ಕಡತಗಳು ಕಂಡವು. ಹಾಡುಗಳು ಒಂದು ಬೊಗಸೆಯಾದರೆ ಅವು ಒಂದು ಕೆರೆ. ಆ ಅರ್ಧ ನಿಮಿಷವನ್ನು ಅವನು ಆಮೇಲೆ ಎಷ್ಟೋ ಸಲ ಅಳೆದು ನೋಡಿದ್ದಾನೆ. ಲಿಫ್ಟು ಎರಡು ಮಹಡಿ ಏರುವಷ್ಟು ಹೊತ್ತು. ಅಷ್ಟರೊಳಗೆ ಅಕ್ಕ ಕುರ್ಚಿಯಿಂದ ಎದ್ದು ನಿಂತಾಗಿತ್ತು. ಹದಿನಾಲ್ಕು ವರ್ಷದಿಂದ ನೋಂದಣಿ ಕೌಂಟರಿನಲ್ಲಿ ಕೂತು, ಊರಿನ ಅರ್ಧ ಜನರ ವಯಸ್ಸು ಬಾಯಿಪಾಠ ಮಾಡಿಕೊಂಡಿದ್ದ, ಎಲ್ಲರ ಬಾಯಲ್ಲೂ ಅಕ್ಕನಾಗಿದ್ದ ಹೆಂಗಸು. ‘ನಂದು ಸರ್. ನಮ್ಮನೆಯವರು ಹಾಡಿದ್ದು’ ಎಂದಳು. ದೊಡ್ಡ ಡಾಕ್ಟರು ಆ ಅರವತ್ತು ಜನರೆದುರು ಅಂದ ಮಾತುಗಳನ್ನು ಅವನು ನೆನಪು ಮಾಡಿಕೊಳ್ಳದಿರಲು ತುಂಬ ಪ್ರಯತ್ನ ಪಡುತ್ತಾನೆ. ಇದು ಆಸ್ಪತ್ರೆಯೋ ಸಂಗೀತ ಕಚೇರಿಯೋ ಎಂಬುದು ಅವುಗಳಲ್ಲಿ ಮೆತ್ತಗಿನದು.

ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಯಾರೋ ಹಾಡು ತುಂಬಿದ್ದಾರೆ ಎಂದ, ತುಂಬಿದ್ದರು. ಅದರಿಂದಲೇ ನಿಂತಿತು ಎಂದು ಅವನು ಎಲ್ಲಿ ಹೇಳಿದ? ಸ್ನಾನ ಮಾಡುವಾಗ, ಬಸ್ಸಿನಲ್ಲಿ ನಿಂತಿರುವಾಗ, ಹಲ್ಲಿನ ಡಾಕ್ಟರೆದುರು ಬಾಯಿ ತೆರೆದು ಕೂತಾಗ ಕೂಡ ಅವನು ಈ ವಾದವನ್ನು ಮಂಡಿಸಿ ಗೆದ್ದಿದ್ದಾನೆ. ಎದುರು ವಾದಿಸುವವರು ಯಾರೂ ಇರದಿದ್ದರಿಂದ ಗೆಲ್ಲುವುದು ಕಷ್ಟವಿರಲಿಲ್ಲ. ಗೆದ್ದ ಮೇಲೆ ಮಾತ್ರ ಪ್ರತಿ ಸಲವೂ ಒಂದೇ ಚಿತ್ರ ಬಂದು ನಿಲ್ಲುತ್ತಿತ್ತು. ಹಾಡುಗಳನ್ನು ಅಳಿಸುವಾಗ ಅಕ್ಕ ಪಕ್ಕದಲ್ಲೇ ನಿಂತಿದ್ದಳು. ‘ಒಂದನ್ನಾದ್ರೂ ಬಿಡೋಕಾಗುತ್ತಾ ಸರ್?’ ಎಂದು ಕೇಳಿದಳು. ಆಗ ಅವನಿಗೆ ಎಲ್ಲವೂ ಗೊತ್ತಿತ್ತು. ಅರ್ಧ ನಿಮಿಷ ಕಳೆದು ಕಾಲು ಗಂಟೆಯಾಗಿತ್ತು. ದೊಡ್ಡ ಡಾಕ್ಟರ ಬೂಟಿನ ಸದ್ದು ಹಿಂದೆಯೇ ಇತ್ತು. ‘ರೂಲ್ಸ್ ಇಲ್ಲ ಅಕ್ಕಾ’ ಎಂದ. ನಲವತ್ತೊಂದು ಹಾಡು ಅಳಿಯಲು ಎರಡು ಸೆಕೆಂಡು ಸಾಕಾಯಿತು. ಅಳಿಸಿದ ಮೇಲೂ ಪೆಟ್ಟಿಗೆ ಏಳಲಿಲ್ಲ, ಏಳುವ ಹಾಗೂ ಇರಲಿಲ್ಲ. ಅಳಿಸಿದ ಜಾಗ ಒಣಗಬೇಕು ಸರ್, ತಕ್ಷಣ ಬರೆಯೋಕಾಗಲ್ಲ ಎಂದು ಅವನ ಬಾಯಿಗೆ ಬಂತು. ಪ್ಲಾಸ್ಟರ್ ಕೋಣೆಯಲ್ಲಿ ಕೂತೂ ಕೂತೂ ಬಂದ ಮಾತಿರಬೇಕು. ಎಲ್ಲರೂ ನಂಬಿದರು. ಲ್ಯಾಬಿನ ಹುಡುಗಿಯರು ಮಾರನೆಯ ದಿನ ಬೆಳಿಗ್ಗೆ ಬಂದು, ‘ಒಣಗ್ತಾ ಸರ್?’ ಎಂದು ಕೇಳಿದರು. ಯಾರೂ ಇಲ್ಲದ ಹೊತ್ತು ನೋಡಿ ಪೂರಕ ಕಡತಗಳನ್ನು ಖಾಲಿ ಮಾಡಿ ಯಂತ್ರವನ್ನು ಎಬ್ಬಿಸುವಷ್ಟರಲ್ಲಿ ಮಂಗಳವಾರದ ಮಧ್ಯಾಹ್ನವಾಗಿತ್ತು. ಒಂದೂವರೆ ದಿನ. ಬುಧವಾರದಿಂದ ಅಕ್ಕನನ್ನು ನೋಂದಣಿಯಿಂದ ತೆಗೆದು ಹಿಂದಿನ ಕಿಟಕಿಗೆ ಹಾಕಿದರು. ಶೌಚಾಲಯದ ಪಕ್ಕದ ಆ ಕಿಟಕಿಯಲ್ಲಿ ಜನ ಮೂತ್ರದ ಬಾಟಲಿ ಕೊಟ್ಟು ಹೋಗುತ್ತಾರೆ. ತೆಗೆದುಕೊಂಡು ಚೀಟಿ ಅಂಟಿಸಿ ಸಾಲಾಗಿ ಇಡಬೇಕು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಬಾಗಿಲ ಬಳಿ ಚಪ್ಪಲಿಯ ಸದ್ದಾಯಿತು. ಅಕ್ಕ. ಕೈಗವಸು ಹಾಕಿದ ಕೈಯಲ್ಲಿ ಹಳೆಯ ಕಡತ ಹಿಡಿದಿದ್ದಳು. ಬಾಟಲಿಗಳ ನಡುವೆ ಬಿಡುವಿರುತ್ತದೆಂದು, ಬಂದ ಕಾಗದಗಳನ್ನು ನಮೂದಿಸುವ ಇನ್ವರ್ಡ್ ಪುಸ್ತಕವನ್ನೂ ಕಾಗದದ ಬೀರುವಿನ ಬೀಗವನ್ನೂ ಆಕೆಗೇ ವಹಿಸಿದ್ದರು.

‘ಹಳೇ ವರದಿ ಕೇಳಿದ್ರಂತೆ. ಹುಡುಕೋದ್ರಲ್ಲಿ ಸಾಕಾಯ್ತು. ಪಂಪಿನ ಕಾಗದದ ಮಧ್ಯೆ ಇತ್ತು.’

‘ಒಳಗೆ ಬನ್ನಿ ಅಕ್ಕಾ.’

‘ಬೇಡ ಸರ್, ಇಲ್ಲೇ ನಿಂತ್ಕೋತೀನಿ. ನಾನು ಅದರ ಹತ್ರ ಬರಲ್ಲ’ ಎಂದು ಹೊಸ ಯಂತ್ರದತ್ತ ಗಲ್ಲ ಆಡಿಸಿದಳು. ‘ದೊಡ್ಡದಾಗಿದೆ. ಈ ಸಲ ಜಾಗ ಜಾಸ್ತಿ ಇದೆ ತಾನೆ?’

ಪ್ರತಿ ಸಲವೂ ಹೀಗೇ. ಕಾರಿಡಾರಿನಲ್ಲಿ, ಕ್ಯಾಂಟೀನಿನಲ್ಲಿ, ಬಸ್ ನಿಲ್ದಾಣದಲ್ಲಿ ಎದುರು ಸಿಕ್ಕಾಗಲೆಲ್ಲ ಆಕೆ ಮೊದಲು ಕೇಳುತ್ತಿದ್ದದ್ದು, ಇವತ್ತು ಜಾಗ ಇದೆಯಾ ಸರ್ ಎಂದು. ನನ್ನಿಂದ ನಿಮಗೆ ಎಷ್ಟು ಒದ್ದಾಟ ಆಯ್ತು ಎಂದು. ಒಂದು ಸಲ ಸುಮ್ಮನೆ ಮಾತಿಗೆ, ‘ನಿಮ್ಮವರು ಈಗ ಹೊಸ ಹಾಡು ಹಾಡಲ್ವಾ ಅಕ್ಕಾ?’ ಎಂದು ಕೇಳಿ ನಾಲಿಗೆ ಕಚ್ಚಿಕೊಳ್ಳುವ ಹಾಗಾಗಿತ್ತು. ‘ಎಲ್ಲಿ ಸರ್, ಗಂಟಲೇ ಇಲ್ವಲ್ಲ. ಮೂರು ವರ್ಷದ ಹಿಂದೆ ಆಪರೇಷನ್ ಆಯ್ತು. ಈಗ ಬರೀ ಉಸಿರಲ್ಲೇ ಮಾತು’ ಎಂದು ನಕ್ಕಿದ್ದಳು. ‘ಹಾಡ್ತಿದ್ದಾಗ ಬಾಯಿ ಮುಚ್ಚಿ ಅಂತ ದಿನಾ ಬೈತಿದ್ದೆ. ಶ್ರುತಿ ಅನ್ನೋದು ಅವರ ಹತ್ರಾನೂ ಸುಳಿದಿರಲಿಲ್ಲ.’ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಹಾಡು ತುಂಬಿದ್ದ ಫೋನು ನೀರಿಗೆ ಬೀಳುವ ಮೊದಲು ಅದೃಷ್ಟಕ್ಕೆ ಅವನ್ನು ಆಫೀಸಿನ ಪೆಟ್ಟಿಗೆಗೆ ಹಾಕಿಟ್ಟಿದ್ದಳು. ಅದನ್ನು ಕೇಳಿದ ಮಾರನೆಯ ದಿನದಿಂದ ಅವನು ಬೆಳಗಿನ ಅರ್ಧ ಗಂಟೆಯಲ್ಲಿ ಇನ್ನೊಂದು ಕೆಲಸವನ್ನೂ ಸೇರಿಸಿಕೊಂಡ. ಅಳಿಸಿದ್ದನ್ನು ಹೊರತೆಗೆಯುವ ಉಪಕರಣಗಳನ್ನು ಒಂದಾದ ಮೇಲೊಂದರಂತೆ ಓಡಿಸಿ ನೋಡಿದ. ಆರು ವಾರದಲ್ಲಿ ಸಿಕ್ಕಿದ್ದು ಒಂದೇ ಒಂದು ತುಣುಕು. ಕಿವಿಗಿಟ್ಟು ಕೇಳಿದರೆ ಬರೀ ಸುಯ್ಯೆಂಬ ಸದ್ದು. ಹಾಡುಗಳಿದ್ದ ಜಾಗದ ಮೇಲೆ ಪೂರಕ ಕಡತಗಳು ಎಂದೋ ಬಂದು ಮಲಗಿಬಿಟ್ಟಿದ್ದವು.

‘ಅಕ್ಕಾ’ ಎಂದ. ಈಗ ಹೇಳಿಬಿಡುತ್ತೇನೆ ಎಂದುಕೊಂಡ. ಆಕೆ ಹುಬ್ಬೇರಿಸಿ ಕಾದಳು. ‘ನೋಡ್ಕೊಂಡು ಹೋಗಿ. ಪ್ಲಾಸ್ಟರ್ ಪುಡಿ, ಜಾರುತ್ತೆ.’

ಆಕೆ ಹೋದ ಮೇಲೆ ಅವನು ಹೆಂಡತಿಗೆ ಫೋನ್ ಮಾಡಿದ. ಯಾಕೆ ಮಾಡಿದನೋ ಅವನಿಗೇ ಗೊತ್ತಿರಲಿಲ್ಲ.

‘ಒಬ್ಬ ತಪ್ಪು ಮಾಡ್ತಾನೆ ಅಂತಿಟ್ಕೋ. ಅದು ಇನ್ನೊಬ್ಬರ ತಲೆ ಮೇಲೆ ಬೀಳುತ್ತೆ. ಇವನು ಸುಮ್ನಿರ್ತಾನೆ.’

‘ಪಕ್ಕದ ಮನೆಯವರ ಹೂಕುಂಡ ಒಡೆದಿದ್ದು ನೀವೇನಾ?’

‘ಹೂಕುಂಡ ಅಲ್ಲ ಕಣೇ. ಬೇರೆ ಯಾರದೋ ವಿಷಯ.’

‘ಬೇರೆ ಯಾರದೋ ವಿಷಯಕ್ಕೆ ನೀವು ಡ್ಯೂಟಿ ಮಧ್ಯೆ ಫೋನ್ ಮಾಡೋರಲ್ಲ. ಎಷ್ಟು ದಿನ ಆಯ್ತು?’

‘ಹನ್ನೊಂದು ತಿಂಗಳು.’

ಅತ್ತ ಕಡೆ ಸ್ವಲ್ಪ ಹೊತ್ತು ಮಿಕ್ಸಿ ತಿರುಗಿ ನಿಂತಿತು. ‘ಅದಕ್ಕೇನಾ ದಿನಾ ಬೆಳಿಗ್ಗೆ ಅಷ್ಟು ಬೇಗ ಓಡೋದು? ನಾನು ಏನೇನೋ ಅಂದ್ಕೊಂಡಿದ್ದೆ ರೀ. ಒಂದಿನ ಹಿಂದೆಯೇ ಬಸ್ಸಲ್ಲಿ ಬಂದು ನೋಡಿದ್ದೆ ಕೂಡ. ನೀವು ಮೇಜಿನ ಕೆಳಗೆ ಕೂತಿದ್ರಿ, ಒಬ್ರೇ.’ ಆಕೆಯ ದನಿಯಲ್ಲಿ ನಿರಾಳವೂ ಇತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯೂ ಇತ್ತು. ‘ಹೇಳಿ ಮುಗಿಸಿ. ನನಗೂ ನಿದ್ದೆ ಬರುತ್ತೆ.’

ಫೋನಿಟ್ಟು ಅವನು ಬಿಳಿ ಪಟ್ಟಿಯೊಳಗಿನ ವಿಳಾಸವನ್ನು ಅಕ್ಷರ ಅಕ್ಷರವಾಗಿ ಅಳಿಸಿದ. ಡಿ ಎಂದು ಬರೆದ. ಸಣ್ಣ ಅಕ್ಷರವನ್ನು ಈ ಸಲ ಎರಡೆರಡು ಬಾರಿ ಓದಿದ. ಮುಂದೆ ಎಂದು ಒತ್ತಿದ. ಯಂತ್ರಕ್ಕೆ ಏನೂ ಅನಿಸಿದಂತೆ ಕಾಣಲಿಲ್ಲ. ಹಸಿರು ಗೆರೆ ತನ್ನ ಪಾಡಿಗೆ ತಾನು ತೆವಳತೊಡಗಿತು. ಈಗ ಏಳನೆಯ ಕಲಮು. ತಾಂತ್ರಿಕ ಕಾರಣ ಎಂದು ಬರೆಯಬಹುದಿತ್ತು. ಆದರೆ ಪಂಪಿನವನು ಹಾಗೆ ಬರೆದಾಗ ದೊಡ್ಡ ಡಾಕ್ಟರು ಕೆಂಪು ಶಾಯಿಯಲ್ಲಿ ‘ಎಂದರೇನು?’ ಎಂದು ಕೇಳಿ ಕಾಗದವನ್ನು ವಾಪಸು ಕಳಿಸಿದ್ದು, ಆಮೇಲೆ ಆ ಪಂಪಿನವನು ಆರು ಸಲ ಉತ್ತರ ಬರೆದದ್ದು ಅವನಿಗೆ ಗೊತ್ತಿತ್ತು. ಬೆಳವಣಿಗೆಯ ದೃಷ್ಟಿಯಿಂದ ಎಂದು ಬೇರೊಂದು ಹಾಳೆಯಲ್ಲಿ ಬರೆದು ನೋಡಿದ. ಯಾರ ಬೆಳವಣಿಗೆ? ಮುಂಜಾಗ್ರತೆಯ ಕ್ರಮವಾಗಿ ಎಂದು ಬರೆದ. ಹಾಗಾದರೆ ಹಿಂದಿನ ಸಲ ಜಾಗ್ರತೆ ಎಲ್ಲಿ ಹೋಗಿತ್ತು ಎಂಬುದಕ್ಕೆ ಮತ್ತೆ ಹಸಿರೋ ನೀಲಿಯೋ ಎಂಬಲ್ಲಿಗೇ ಹೋಗಬೇಕು. ಕೊನೆಗೆ ಪೆನ್ನನ್ನು ಮೂರೂ ಪ್ರತಿಗೆ ಇಳಿಯುವಷ್ಟು ಒತ್ತಿ ಬರೆದ: ಹಿಂದಿನ ಸಲ ನಾನು ಓದದೆ ಸಿ ಎಂದು ಒತ್ತಿದೆ. ಸಿ ತುಂಬಿದ್ದು ಪೂರಕ ಕಡತಗಳಿಂದ. ಹಾಡುಗಳಿಂದ ಅಲ್ಲ. ಇದು ನನಗೆ ಆವತ್ತೇ ಗೊತ್ತಿತ್ತು. ಬರೆದು ನೋಡಿದರೆ ಎಲ್ಲ ಸೇರಿ ಎರಡು ಸಾಲು. ಹನ್ನೊಂದು ತಿಂಗಳು ಹೊಟ್ಟೆಯೊಳಗೆ ಇಟ್ಟುಕೊಂಡದ್ದು ಇಷ್ಟೇನಾ ಎಂದು ಅವನಿಗೆ ಸಣ್ಣ ಅವಮಾನವೂ ಆಯಿತು.

ಮೇಲಿನ ಮಹಡಿಯಲ್ಲಿ ದೊಡ್ಡ ಡಾಕ್ಟರು ಫಾರಮನ್ನು ತೆಗೆದುಕೊಂಡು ಕನ್ನಡಕ ಹಣೆಗೇರಿಸಿದರು. ಏನು ಹೇಳಬೇಕು, ಎಲ್ಲಿಂದ ಶುರು ಮಾಡಬೇಕು ಎಂದು ಮೆಟ್ಟಿಲ ಮೇಲೆ ಎರಡು ಸಲ ತಾಲೀಮು ಮಾಡಿಕೊಂಡು ಬಂದಿದ್ದ. ಡಾಕ್ಟರ ಬೆರಳು ಕಲಮಿನಿಂದ ಕಲಮಿಗೆ ಇಳಿಯುತ್ತಾ ನಾಲ್ಕನೆಯದರ ಬಳಿ ನಿಂತಿತು.

‘ನೀರು ಸೋರಲ್ಲ?’

‘ಇಲ್ಲ ಸರ್.’

‘ಒಂದು ಗಂಟೆಗೆ ಓಡುತ್ತಲ್ಲ?’

‘ಓಡುತ್ತೆ ಸರ್. ಆದ್ರೆ ಏಳನೇ ಕಲಮಲ್ಲಿ...’

‘ಗುಡ್’ ಎಂದು ಮೂರೂ ಪ್ರತಿಗೆ ಸಹಿ ಹಾಕಿ, ಫೋನೆತ್ತಿ, ಕೈಯಿಂದಲೇ ಬಾಗಿಲು ತೋರಿಸಿದರು. ಅವನು ಹೊರಗೆ ಬಂದ. ಬದುಕಿದೆ ಎನಿಸಿತು. ಮರುಕ್ಷಣವೇ ಎಂಥದೋ ಸಿಟ್ಟು ಬಂತು. ಮನುಷ್ಯ ಇಷ್ಟು ಕಷ್ಟಪಟ್ಟು ನಿಜ ಬರೆದರೆ ಓದುವಷ್ಟು ಸೌಜನ್ಯವೂ ಬೇಡವೇ? ಒಂದು ಪ್ರತಿ ಡಾಕ್ಟರ ಬಳಿ ಉಳಿಯಿತು, ಇನ್ನೊಂದು ಅವನದು, ಮೂರನೆಯದು ಇನ್ವರ್ಡ್ ಆಗಿ ನಂಬರು ಬಿದ್ದು ಬೀರುವಿಗೆ ಹೋಗಬೇಕು. ಪುಸ್ತಕದಲ್ಲಿ ಸಾರಾಂಶವನ್ನು ಒಂದು ಸಾಲಿನಲ್ಲಿ ಬರೆಯಬೇಕಾದ್ದರಿಂದ, ಆ ಆಸ್ಪತ್ರೆಯಲ್ಲಿ ಕಾಗದಗಳನ್ನು ನಿಜವಾಗಿ ಓದುವ ಮನುಷ್ಯರು ಒಬ್ಬರೇ.

ಹಿಂದಿನ ಕಿಟಕಿಯ ಮುಂದೆ ನಾಲ್ಕು ಜನರಿದ್ದರು, ಎಲ್ಲರ ಕೈಯಲ್ಲೂ ಬಾಟಲಿ. ಕಾಗದ ಹಿಡಿದು ಅವರ ಹಿಂದೆ ನಿಂತ. ನಾಲ್ಕು ಜನ ಮೂರಾದರು, ಎರಡಾದರು. ಸರದಿ ಬಂದಾಗ ಅವನ ಹಿಂದೆ ಮತ್ತೊಬ್ಬರು, ಟೋಪಿ ಹಾಕಿದ ಮುದುಕರು, ಬಂದು ನಿಂತಿದ್ದರು.

‘ನೀವ್ಯಾಕೆ ಸರ್ ಲೈನಲ್ಲಿ ನಿಂತಿದ್ದು, ಪಕ್ಕದಿಂದ ಕೊಡಬಾರದಿತ್ತಾ?’ ಎಂದು ಅಕ್ಕ ಕೈಗವಸು ಬಿಚ್ಚಿ, ಪುಸ್ತಕ ಎಳೆದುಕೊಂಡು, ದಿನಾಂಕ ಬರೆದು, ಕಾಗದ ಓದತೊಡಗಿದಳು. ಅವನು ಬಾಟಲಿಗಳನ್ನು ನೋಡುತ್ತಾ ನಿಂತ. ತಿಳಿ ಹಳದಿ, ಗಾಢ ಹಳದಿ. ಆಕೆಯ ಪೆನ್ನು ಸಾರಾಂಶದ ಮನೆಯ ಮೇಲೆ ಬಂದು ನಿಂತಿತು. ಓದಿ ಮುಗಿದಿತ್ತು. ಆಕೆ ಮೊದಲಿನಿಂದ ಮತ್ತೊಮ್ಮೆ ಓದಿದಳು.

‘ಬೇಗ ಆಗುತ್ತೇನಮ್ಮಾ?’ ಎಂದರು ಹಿಂದಿನ ಮುದುಕರು. ‘ಬಿಸಿ ಇರೋವಾಗ್ಲೇ ಕೊಡಿ ಅಂದಿದಾರೆ.’

ಅಕ್ಕ ಕೈ ಚಾಚಿ ಅವರ ಬಾಟಲಿ ತೆಗೆದುಕೊಂಡು, ಚೀಟಿ ಅಂಟಿಸಿ, ಸಾಲಿನ ಕೊನೆಗಿಟ್ಟಳು. ಮುದುಕರು ಹೋದರು.

‘ಹಾಗಾದ್ರೆ ಒಂದನ್ನ ಬಿಡಬಹುದಿತ್ತು’ ಎಂದಳು.

‘ನಲವತ್ತೊಂದನ್ನೂ ಬಿಡಬಹುದಿತ್ತು ಅಕ್ಕಾ.’

ಆಕೆ ಅಳುತ್ತಾಳೆ ಎಂದುಕೊಂಡಿದ್ದ. ಬೈಯುತ್ತಾಳೆ ಎಂದೂ ಅಂದುಕೊಂಡಿದ್ದ. ಎರಡಕ್ಕೂ ಅವನ ಬಳಿ ಮಾತುಗಳು ಸಿದ್ಧವಿದ್ದವು. ಆಕೆ ಸಾಲಿನಲ್ಲಿದ್ದ ಬಾಟಲಿಗಳನ್ನು ಒಂದೊಂದಾಗಿ ಎತ್ತಿ, ಚೀಟಿ ಸರಿಯಾಗಿ ಅಂಟಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾ ಹೋದಳು. ಹನ್ನೆರಡು ಬಾಟಲಿ. ಆ ಹನ್ನೆರಡೂ ಮುಗಿಯುವ ತನಕ ಅವನು ಕಿಟಕಿಯ ಹೊರಗೆ ಕೈಕಟ್ಟಿ ನಿಂತಿದ್ದ. ತನ್ನ ಜೀವಮಾನದಲ್ಲಿ ಅಷ್ಟು ಕೆಟ್ಟ ಹೊತ್ತನ್ನು ಅವನು ಕಂಡಿರಲಿಲ್ಲ.

‘ಮೇಲೆ ಓದಿದ್ರಾ ಇದನ್ನ?’

‘ಸಹಿ ಹಾಕಿದ್ರು. ಓದ್ಲಿಲ್ಲ.’

‘ಹೋಗಿ ಬಾಯಲ್ಲಿ ಹೇಳು. ಫಾರಂನಲ್ಲಿ ಬರೆದು ತಪ್ಪಿಸ್ಕೋಬೇಡ.’ ಹದಿನಾಲ್ಕು ವರ್ಷ, ಮೇಲೆ ಹನ್ನೊಂದು ತಿಂಗಳು, ಆಕೆ ಅವನನ್ನು ನೀವು ಬಿಟ್ಟು ಬೇರೆ ಮಾತಿನಲ್ಲಿ ಕರೆದಿರಲಿಲ್ಲ. ‘ನನ್ನ ಕುರ್ಚಿ ನಂಗೆ ಬೇಕು. ನೀನೇ ತೆಗೆಸಿದ್ದು, ನೀನೇ ಕೊಡಿಸು. ಆಮೇಲೆ ಡ್ಯೂಟಿ ಮುಗಿಸಿ ಸಂಜೆ ಐದಕ್ಕೆ ನಮ್ಮನೆಗೆ ಬಾ.’

‘ಬರ್ತೀನಿ ಅಕ್ಕಾ. ನಿಮ್ಮವರ ಕಾಲು ಹಿಡಿದು ಕ್ಷಮೆ ಕೇಳ್ಕೋತೀನಿ.’

‘ಅಯ್ಯೋ, ಅಲ್ಲೇನಾದ್ರೂ ಬಾಯಿ ಬಿಟ್ಟೀಯ, ಜೋಕೆ.’ ಆಕೆ ಕಿಟಕಿಯಿಂದ ಮುಂದಕ್ಕೆ ಬಾಗಿದಳು. ‘ಮೂವತ್ತು ವರ್ಷ ಹಾಡಿದ್ರು ಆ ಮನುಷ್ಯ. ಒಂದು ನರಪಿಳ್ಳೆ ನಿಂತು ಕೇಳ್ಳಿಲ್ಲ. ಈಗ ಬಂದೋರ ಹತ್ರ ಎಲ್ಲಾ ಹೇಳ್ಕೊಂಡು ಕೂರ್ತಾರೆ, ನನ್ನ ಹಾಡಿಗೆ ಒಂದು ಆಸ್ಪತ್ರೆನೇ ಒಂದೂವರೆ ದಿನ ನಿಂತುಬಿಡ್ತು ಅಂತ. ಹಾಡು ಹೋಯ್ತು ಅಂತ ಅಳೋ ಬದಲು ಎದೆ ಉಬ್ಬಿಸಿದ್ರು ಕಣೋ. ನಾನೂ ಸುಮ್ನಿದ್ದೆ. ಯಾರೂ ನಂಬ್ತಿಲ್ಲ ಅಂತ ಅವರಿಗೆ ಬೇಜಾರು. ಕಂಪ್ಯೂಟರ್ ಗೊತ್ತಿರೋರು ಯಾರಾದ್ರೂ ಬಂದು ಹೇಳ್ಬೇಕಂತೆ. ನೀನು ಹೇಳು.’

‘ಏನಂತ?’

‘ಹೌದು ಅಂತ.’ ಆಕೆ ಪೆನ್ನೆತ್ತಿ ಸಾರಾಂಶದ ಮನೆಯಲ್ಲಿ ‘ಯಂತ್ರದ ಬಗ್ಗೆ’ ಎಂದು ಬರೆದು ನಂಬರು ಹಾಕಿದಳು. ‘ನಿನ್ನ ಮೇಲೆ ನಂಗೆ ಸಿಟ್ಟಿದೆ. ಅದು ಬೇರೆ. ಅದನ್ನ ನಾಳೆಯಿಂದ ಶುರು ಮಾಡ್ತೀನಿ.’

ಒಂದು ಗಂಟೆಗೆ ಯಂತ್ರ ಓಡಿತು. ಎರಡು ಗಂಟೆಗೆ ಅವನು ಮತ್ತೆ ಮೇಲೆ ಹೋಗಿ, ಡಾಕ್ಟರು ಫೋನಿಡುವ ತನಕ ಕಾದು, ಕುಳಿತುಕೊಳ್ಳದೆ ಹೇಳಿದ. ಯಾವ ತಾಲೀಮೂ ನೆನಪಿಗೆ ಬರಲಿಲ್ಲ. ಜಾಗ ಒಣಗುವುದೆಂದರೆ ಏನೂ ಇಲ್ಲ ಸರ್, ಅದು ನಾನೇ ಕಟ್ಟಿದ್ದು ಎಂಬಲ್ಲಿಗೆ ಬಂದಾಗ ದನಿ ಕೀರಲಾಯಿತು. ದೊಡ್ಡ ಡಾಕ್ಟರು ತುಂಬ ಹೊತ್ತು ಪೇಪರ್‌ವೇಟನ್ನು ತಿರುಗಿಸುತ್ತಾ ಕೂತರು. ಅರವತ್ತು ಜನರೆದುರು ತಾವು ಅಂದ ಮಾತುಗಳು ಅವರಿಗೂ ನೆನಪಿಗೆ ಬಂದಿರಬೇಕು. ಕೊನೆಗೆ ಅವನಿಗೆ ಒಂದು ನೋಟೀಸು ಕೊಡುತ್ತೇನೆಂದರು, ಸೋಮವಾರದಿಂದ ಆಯಮ್ಮ ನೋಂದಣಿಗೆ ಬರಲಿ ಎಂದರು. ಅವನು ಬಾಗಿಲ ತನಕ ಹೋದ ಮೇಲೆ ಕರೆದು, ‘ಆ ಸಮಯಪಾಲನೆ ಸರ್ಟಿಫಿಕೇಟು ವಾಪಸು ತಂದಿಡ್ರಿ’ ಎಂದರು. ಅದನ್ನು ಗೋಡೆಯಿಂದ ಇಳಿಸುವಾಗ ಮೊಳೆಯೂ ಕಿತ್ತು ಬಂತು.

ಐದಕ್ಕೆ ಅವನು ಅಕ್ಕನ ಮನೆಯ ಮೆಟ್ಟಿಲು ಹತ್ತಿದ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ, ಒಗೆದ ಬಟ್ಟೆ ಒಣಹಾಕಿದ ಕಿರಿದಾದ ಬಾಲ್ಕನಿ. ಒಳಗೆ ಆಗಲೇ ಇಬ್ಬರು ಬಂದು ಕೂತಿದ್ದರು, ಕೆಳಗಿನ ಸೈಕಲಿನವನು ಮತ್ತು ಪಕ್ಕದ ಮನೆಯ ಕ್ಷೌರಿಕ. ಸಾಕ್ಷಿ ಕೇಳಲು ಕರೆಸಿಕೊಂಡವರೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ನಡುವೆ ಬೆತ್ತದ ಕುರ್ಚಿಯಲ್ಲಿ ಅಕ್ಕನ ಗಂಡ. ಕುತ್ತಿಗೆಗೆ ತೆಳ್ಳಗಿನ ಬಟ್ಟೆ ಸುತ್ತಿದ್ದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಗಂಟಲು ಹೋದ ಮನುಷ್ಯ ಸೊರಗಿ ಮಲಗಿರುತ್ತಾನೆ ಎಂದುಕೊಂಡು ಬಂದವನು ಅವರ ಕಣ್ಣಿನ ಚುರುಕು ನೋಡಿ ಹೊಸ್ತಿಲಲ್ಲೇ ನಿಂತ. ಅಕ್ಕ ಎಂದು ಕರೆಯುವ ಮನೆಯಲ್ಲಿ ಇವರನ್ನು ಬೇರೆ ಏನೆನ್ನುವುದು? ‘ನಮಸ್ಕಾರ ಭಾವ’ ಎಂದ. ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

‘ಎಷ್ಟು ಹೊತ್ತು ನಿಂತಿತ್ತು?’ ಎಂದರು ಭಾವ. ಬರೀ ಉಸಿರು, ಎಲ್ಲರೂ ಮುಂದಕ್ಕೆ ಬಾಗಬೇಕಾಯಿತು.

‘ಒಂದೂವರೆ ದಿನ ಭಾವ.’

‘ಪೂರ್ತಿ ಆಸ್ಪತ್ರೆ?’ ಎಂದ ಸೈಕಲಿನವನು.

‘ಲ್ಯಾಬು ಪೂರ್ತಿ. ಅರವತ್ತು ಜನ ಸಾಲಲ್ಲಿದ್ರು.’

‘ಬರೀ ಇವರ ಹಾಡಿಗೆ?’

ಅವನು ಬಾಗಿಲ ಕಡೆ ನೋಡಿದ. ಅಕ್ಕನ ಮುಖದಲ್ಲಿ ಏನೂ ಇರಲಿಲ್ಲ. ‘ಹೌದು’ ಎಂದ. ಎರಡು ಗಂಟೆಗಷ್ಟೇ ನಿಜ ಹೇಳಿ ಹಗುರಾಗಿದ್ದ ನಾಲಿಗೆ ಈ ಸುಳ್ಳನ್ನು ಎಲ್ಲೂ ತಡವರಿಸದೆ ಹೇಳಿತು. ಭಾವ ಕುರ್ಚಿಯಲ್ಲಿ ಒರಗಿ, ಕ್ಷೌರಿಕನತ್ತ ನೋಡಿ, ಹೇಳಿದ್ದೆನಲ್ಲ ಎಂಬಂತೆ ಎರಡೂ ಕೈ ಬಿಡಿಸಿದರು. ಕ್ಷೌರಿಕ ತಲೆದೂಗಿದ. ಅವರ ಖುಷಿಯನ್ನು ನೋಡಲಾರದೆ ಅವನು ಟೀ ಲೋಟದೊಳಗೆ ಮುಖ ಇಟ್ಟ. ಆಗ ಭಾವ ಅವನ ಮೊಣಕಾಲು ತಟ್ಟಿದರು.

‘ಯಾವ ಹಾಡಿಗೆ ತುಂಬಿದ್ದು?’

ಅವನು ತಲೆಯೆತ್ತಿದ. ಇದಕ್ಕೆ ಅಕ್ಕನೂ ಏನೂ ಹೇಳಿಕೊಟ್ಟಿರಲಿಲ್ಲ. ಯಾವುದೋ ಒಂದು ಹೆಸರು ಹೇಳಿದರಾಗಿತ್ತು, ಆದರೆ ಅವನಿಗೆ ಒಂದರ ಹೆಸರೂ ಗೊತ್ತಿರಲಿಲ್ಲ. ನಲವತ್ತೊಂದು ಎಂಬ ಲೆಕ್ಕ ಗೊತ್ತಿತ್ತು, ಎಷ್ಟು ಜಾಗ ಎಂಬುದು ಗೊತ್ತಿತ್ತು. ಸೈಕಲಿನವನೂ ಕ್ಷೌರಿಕನೂ ಅವನ ಬಾಯನ್ನೇ ನೋಡುತ್ತಿದ್ದರು.

‘ಗೊತ್ತಿಲ್ಲ ಭಾವ’ ಎಂದ. ‘ನಾನು ಒಂದನ್ನೂ ಕೇಳ್ಳಿಲ್ಲ. ಕೇಳದೆ ಅಳಿಸಿಬಿಟ್ಟೆ.’

ಕೆಳಗೆ ಯಾರೋ ಸೈಕಲ್ ಗಂಟೆ ಬಾರಿಸಿ ಅಂಗಡಿಯವನನ್ನು ಕರೆಯುತ್ತಿದ್ದರು. ಸೈಕಲಿನವನು ಎದ್ದು ಹೋಗಲಿಲ್ಲ. ಭಾವ ಅವನನ್ನು ನೋಡಿದರು. ಮೊದಲು ನಂಬದವರ ಹಾಗೆ, ಆಮೇಲೆ ತಮಗೆ ತುಂಬ ಪರಿಚಯವಿದ್ದ, ಹಾಡು ಕೇಳದೆ ಎದ್ದುಹೋಗುವ ಯಾರನ್ನೋ ಗುರುತು ಹಿಡಿದವರ ಹಾಗೆ. ನಗು ಬಂತೋ ಕೆಮ್ಮು ಬಂತೋ, ಭುಜ ಕುಲುಕಿತು.

‘ಹಾಗಾದ್ರೆ ಮೊದಲನೇ ಹಾಡಿಂದ ಶುರು ಮಾಡೋಣ’ ಎಂದರು.

ಅಕ್ಕ ಬಂದು ಬೀದಿಯ ಸದ್ದು ಒಳಗೆ ಬರದಂತೆ ಕಿಟಕಿ ಮುಚ್ಚಿದಳು. ‘ಕೂತ್ಕೊಂಡು ಕೇಳು’ ಎಂದಳು, ‘ನಲವತ್ತೊಂದೂ.’ ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕಿವಿಯನ್ನು ಅವರ ಬಾಯಿಯ ಸಮೀಪ ಒಯ್ದ. ಸ್ವರವಿಲ್ಲದ ಬರೀ ಗಾಳಿ ಬಂತು, ನಡುನಡುವೆ ಅರ್ಧರ್ಧ ಮಾತು. ಎಲ್ಲಿ ಏರಬೇಕೋ ಅಲ್ಲಿ ಅವರ ಹುಬ್ಬು ಏರುತ್ತಿತ್ತು, ಬೆರಳು ಅವನ ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಕ್ಷೌರಿಕ ಮೆಲ್ಲಗೆ ಎದ್ದು ಹೋದ, ಸೈಕಲಿನವನೂ ಹೋದ. ಎರಡನೆಯ ಹಾಡಿನ ನಡುವೆ ಅವನ ಕಣ್ಣು ತುಂಬಿ, ಒರೆಸಿಕೊಳ್ಳಲು ಮುಖ ಆಚೆ ತಿರುಗಿಸಿದ. ಭಾವ ಅವನ ಕಿವಿ ಹಿಡಿದು ವಾಪಸು ಎಳೆದುಕೊಂಡು ಪಲ್ಲವಿಯಿಂದ ಮತ್ತೆ ಎತ್ತಿಕೊಂಡರು.